ಮೂಲೆ ಮುರಿದ ಚಪಾತಿ

ಲಿಂಗಂಪಲ್ಲಿ, ಹೈದರಾಬಾದ್
ಮಂಗಳವಾರ, 12 ಆಗಸ್ಟ್ 2025

ಪ್ರೀತಿಯ ಅನುರಾಧಕ್ಕಾ,

ಇವತ್ತು ಪೂರ್ವಿಯ ಡಬ್ಬಿ ಖಾಲಿ ಬಂತು. ನಿಜವಾಗಿ ಖಾಲಿ, ಅಕ್ಕಾ. ಸ್ಕೂಲಿನ ಗೇಟಿನಲ್ಲೇ ಅವಳ ಬ್ಯಾಗಿನಿಂದ ಕಿತ್ತುಕೊಂಡು ಮುಚ್ಚಳ ತೆಗೆದು ನೋಡಿದೆ. ಒಳಗೆ ಹೀರೇಕಾಯಿ ಪಲ್ಯದ ಎರಡು ಎಳೆ, ಒಂದಿಷ್ಟು ಎಣ್ಣೆಯ ಜಿಡ್ಡು, ಅಷ್ಟೇ. ಆಟೋದವರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಆ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಕುಣಿಯಬೇಕು ಅನ್ನಿಸಿತ್ತು. ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ನೋಡಿ, ನಿಮ್ಮ ಆರೋಗ್ಯ ಕೇಳುವ ಮೊದಲೇ ನನ್ನ ಸುದ್ದಿ ಶುರುಮಾಡಿದೆ. ಹೇಗಿದ್ದೀರಿ? ಗಂಟಲು ಕಟ್ಟಿದೆ ಅಂತ ಭಾವ ಹೇಳಿದ್ದರು. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸಿಕೊಂಡು ಕೂಗಿ ಪಾಠ ಮಾಡಿದರೆ ಕಟ್ಟದೆ ಇನ್ನೇನು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತಿದ್ದೀರಾ? ಆ ಬಾಡಿಗೆ ಕೋಣೆಯ ಕಿಟಕಿಗೆ ಸೊಳ್ಳೆಪರದೆ ಹಾಕಿಸಿದಿರಾ? ಬೆಳಗಿನ ಬಸ್ಸಿಗೆ ಮೊದಲು ಏನಾದರೂ ತಿನ್ನುತ್ತೀರಾ? ಈ ಕೊನೆಯ ಪ್ರಶ್ನೆ ನನ್ನದಲ್ಲ, ಇದನ್ನು ಕೇಳಿದವಳು ನಿಮ್ಮ ಮಗಳು. ಅವಳ ವಿಷಯಕ್ಕೇ ಬರುತ್ತಿದ್ದೇನೆ.

ಡಬ್ಬಿ ಖಾಲಿ ಬಂದದ್ದು ಏನು ದೊಡ್ಡ ಸುದ್ದಿ, ಎರಡು ತಿಂಗಳಿಂದ ದಿನಾ ಖಾಲಿಯೇ ಬರುತ್ತಿತ್ತಲ್ಲ ಅಂತ ನೀವು ಕೇಳಬಹುದು. ಶನಿವಾರ ಸ್ಕೂಲಿನ ಟೀಚರ್ ನಿಮಗೆ ಫೋನ್ ಮಾಡಿದಾಗಿನಿಂದ ಅದನ್ನೇ ಕೇಳುತ್ತಿದ್ದೀರಿ, ಆದರೆ ನನ್ನನ್ನಲ್ಲ. ನನ್ನ ಫೋನ್ ನೀವು ಎತ್ತುತ್ತಿಲ್ಲ. ಎತ್ತದಿರುವುದು ಸರಿಯೇ ಇದೆ. ಮೆಸೇಜ್ ಹಾಕಬಹುದಿತ್ತು, ಆದರೆ ಟೈಪ್ ಮಾಡಲು ಕೂತರೆ ನಾನು ಮೂರು ಎಮೋಜಿ ಹಾಕಿ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಪೂರ್ವಿಯ ರಫ್ ನೋಟಿನ ಹಾಳೆ ಹರಿದು ಕೂತಿದ್ದೇನೆ. ನಾನು ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಬರವಣಿಗೆ ನನ್ನ ಅಜ್ಜಿ ಸ್ಲೇಟಿನ ಮೇಲೆ ಕಲಿಸಿದ್ದಷ್ಟೇ. ಒತ್ತಕ್ಷರ ತಪ್ಪಿದ್ದರೆ ಟೀಚರಮ್ಮನವರು ಕೆಂಪು ಗೆರೆ ಎಳೆಯಬಾರದು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೂರನೇ ವಾರಕ್ಕೆ ನಿಮಗೆ ಕಲಬುರಗಿ ಕಡೆಯ ಸರ್ಕಾರಿ ಶಾಲೆಯ ನೌಕರಿ ಆದೇಶ ಬಂತು. ಹೋಗುವ ಹಿಂದಿನ ದಿನ ನೀವು ಫ್ರಿಜ್ಜಿನ ಬಾಗಿಲಿಗೆ ಡಬ್ಬಿಯ ಟೈಮ್‌ಟೇಬಲ್ ಅಂಟಿಸಿ ಹೋದಿರಿ. ಸೋಮವಾರ ಚಪಾತಿ ಮತ್ತು ಬೆಂಡೆಕಾಯಿ, ಮಂಗಳವಾರ ಚಪಾತಿ ಮತ್ತು ಹೀರೇಕಾಯಿ, ಬುಧವಾರ ಪುದಿನಾ ಅನ್ನ, ಗುರುವಾರ ಸ್ಕೂಲಿನವರ ಹಸಿರು ತರಕಾರಿ ದಿನ, ಶುಕ್ರವಾರ ಮೊಸರನ್ನ ಆದರೆ ದಾಳಿಂಬೆ ಕಾಳು ಬೇರೆ ಡಬ್ಬಿಯಲ್ಲಿ. ಚನ್ನುವಿನ ಪಲ್ಯಕ್ಕೆ ಹಸಿಮೆಣಸಿನಕಾಯಿ ಇಡಿಯಾಗಿ ಹಾಕಿ ಆಮೇಲೆ ತೆಗೆಯಬೇಕು, ಪೂರ್ವಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಬಾರದು, ಶೇಂಗಾ ಹಿಂಡಿಗೆ ಎಣ್ಣೆ ಕಲಸಿ ಚಟ್ನಿಯ ಹಾಗೆ ಚಪಾತಿಯ ಒಳಗೆ ಸವರಬೇಕು, ಪಕ್ಕಕ್ಕೆ ಇಡಬಾರದು. ಅಕ್ಕಾ, ನಾನು ಆ ಕಾಗದದ ಫೋಟೋ ತೆಗೆದು ನನ್ನ ಫ್ರೆಂಡ್ಸಿಗೆಲ್ಲ ಕಳಿಸಿ, ನಮ್ಮ ಅಕ್ಕ ನೋಡಿ ಎಷ್ಟು ಜಾಣೆ ಅಂತ ಮೆರೆದಿದ್ದೆ. ನಿಮ್ಮ ಇಬ್ಬರು ಮಕ್ಕಳಿಗೆ ಎರಡು ಡಬ್ಬಿ ತಾನೆ, ಎಷ್ಟು ಹೊತ್ತಿನ ಕೆಲಸ ಅಂದುಕೊಂಡಿದ್ದೆ.

ಈಗ ಗೊತ್ತಾಗಿದೆ ಎಷ್ಟು ಹೊತ್ತಿನ ಕೆಲಸ ಅಂತ. ಇವತ್ತಿನ ಡಬ್ಬಿ ನಿನ್ನೆ ಮಧ್ಯಾಹ್ನವೇ ಶುರುವಾಗುತ್ತದೆ. ತರಕಾರಿ ಬಂಡಿಯವ ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತಿರಬೇಕು, ಸಂಜೆ ಹೆಚ್ಚಿಡಬೇಕು, ಮಲಗುವ ಮೊದಲು ಕಣಕ ಕಲಸಿ ಒದ್ದೆ ಬಟ್ಟೆ ಮುಚ್ಚಬೇಕು. ಬೆಳಿಗ್ಗೆ ಐದಕ್ಕೆ ಅಲಾರಂ. ಅದು ಬಡಿದಾಗಲೆಲ್ಲ ನಿಮ್ಮ ಮೈದುನ ನಿದ್ದೆಯಲ್ಲೇ ಸಾರಿ ಅನ್ನುತ್ತಾರೆ, ತಾವೇ ಬಡಿದುಕೊಂಡವರ ಹಾಗೆ. ಎಷ್ಟು ಮುದ್ದು ಮನುಷ್ಯ ಅಂತ ಬರೆಯಲು ಹೊರಟರೆ ಹಾಳೆ ಸಾಲದು. ಆದರೆ ಜೂನ್‌ನಿಂದ ನಾವಿಬ್ಬರೂ ಒಂದು ಸಿನಿಮಾ ಪೂರ್ತಿ ನೋಡಿಲ್ಲ. ಒಂದು ಭಾನುವಾರ ಹಿಮಾಯತ್‌ನಗರಕ್ಕೆ ಸೀರೆ ಕೊಡಿಸಲು ಕರೆದುಕೊಂಡು ಹೋದರು. ಅಂಗಡಿಯವ ಹತ್ತನೇ ಸೀರೆ ಬಿಚ್ಚುವಷ್ಟರಲ್ಲಿ ನಾನು ಗೋಡೆಗೊರಗಿ ನಿದ್ದೆ ಹೋಗಿದ್ದೆ. ಸೀರೆ ಅವರೇ ಆರಿಸಿದರು, ಪಾಪ, ಹುಣಸೇಹಣ್ಣಿನ ಬಣ್ಣದ್ದು.

ದಣಿವಿಗೆ ಅಳುತ್ತಿಲ್ಲ ಅಕ್ಕಾ. ಡಬ್ಬಿ ಖಾಲಿಯಾಗಿ ಬಂದರೆ ದಣಿವು ಅರ್ಧ ಇಳಿದುಹೋಗುತ್ತದೆ. ಚನ್ನುವಿನದು ಹಾಗೇ ಬರುತ್ತಿತ್ತು, ನೆಕ್ಕಿದ ಹಾಗೆ. ಪೂರ್ವಿಯದು ಸ್ಕೂಲು ಶುರುವಾದ ಮೂರನೇ ದಿನದಿಂದ ತುಂಬಿಯೇ ಬರತೊಡಗಿತು. ಸ್ನ್ಯಾಕ್ ಬ್ರೇಕಿನ ಹಣ್ಣು, ಚಿಕ್ಕಿ ತಿನ್ನುತ್ತಿದ್ದಳು. ಮನೆಗೆ ಬಂದು ಅನ್ನ ಉಣ್ಣುತ್ತಿದ್ದಳು. ಊಟದ ಡಬ್ಬಿ ಮಾತ್ರ ನಾನು ಮುಚ್ಚಿದ ಹಾಗೆಯೇ ಬರುತ್ತಿತ್ತು. ಕೇಳಿದರೆ ಹಸಿವಾಗಲಿಲ್ಲ ಕಾಕು ಅನ್ನುತ್ತಿದ್ದಳು. ನನ್ನ ಕೈರುಚಿ ಹಿಡಿಸಿಲ್ಲ ಅಂದುಕೊಂಡೆ. ಬಿಸ್ಕತ್ತಿನ ಅಚ್ಚು ತಂದು ಚಪಾತಿಯನ್ನು ನಕ್ಷತ್ರ, ಚಿಟ್ಟೆ ಮಾಡಿ ಕತ್ತರಿಸಿದೆ. ಎಷ್ಟು ದುಂಡಗೆ ಲಟ್ಟಿಸಲು ಕಲಿತೆ ಅಂದರೆ ನೀವು ನೋಡಿದರೆ ನಂಬುವುದಿಲ್ಲ. ನಕ್ಷತ್ರಗಳೂ ವಾಪಸ್ ಬಂದವು.

ನಿಮಗೆ ಹೇಳಬೇಕಿತ್ತು, ಆವತ್ತೇ. ಆದರೆ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ನೀವು ಕಿಟಕಿಯಿಂದ ನನ್ನ ಕೈ ಹಿಡಿದು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತ್ತು. "ಇವು ಉಣ್ಣಲಿಲ್ಲ ಅಂದ್ರ ಹೇಳು ಶೈಲಾ, ನಾ ಬಿಟ್ಟು ಬಂದುಬಿಡ್ತೀನಿ. ನೌಕರಿ ಏನು, ಹೋದ್ರ ಹೋಗಲಿ." ಹೋದರೆ ಹೋಗಲಿ ಅನ್ನುವಾಗ ಆದೇಶದ ಫೈಲನ್ನು ನೀವು ಎದೆಗೆ ಅವುಚಿಕೊಂಡಿದ್ದಿರಿ. ಮೂರನೇ ಸಲ ಪರೀಕ್ಷೆ ಬರೆದು, ಪ್ರೈವೇಟ್ ಸ್ಕೂಲಿನಲ್ಲಿ ದುಡಿಯುತ್ತಲೇ ಓದಿ ಗಿಟ್ಟಿಸಿದ ನೌಕರಿ ಅಂತ ಮದುವೆ ಮನೆಯಲ್ಲೇ ನನಗೆ ಎಲ್ಲರೂ ಹೇಳಿದ್ದರು. ಪ್ರತಿ ಸಂಜೆ ಎಂಟಕ್ಕೆ ಭಾವ ಫೋನನ್ನು ಟೀಪಾಯಿ ಮೇಲಿಟ್ಟು ಸ್ಪೀಕರ್ ಹಾಕುತ್ತಾರೆ, ಮನೆಯವರೆಲ್ಲ ಸುತ್ತ ಕೂರುತ್ತೇವೆ. ನಿಮ್ಮ ಮೊದಲ ಪ್ರಶ್ನೆ ಒಂದೇ: "ಡಬ್ಬಿ ಖಾಲಿ ಬಂದಾವೇನ್ರಿ ಅತ್ತಿ?" ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಎರಡೂ ಡಬ್ಬಿ ತೆರೆದು ನೋಡಿ ಬಂದು ಉತ್ತರ ಕೊಡುತ್ತಾರೆ. ತುಂಬಿದ ಡಬ್ಬಿ ಅವರ ಕೈಗೆ ಸಿಕ್ಕರೆ ನಿಮ್ಮ ನೌಕರಿ ಆ ಟೀಪಾಯಿಯ ಮೇಲೆಯೇ ಮುಗಿಯುತ್ತದೆ ಅನ್ನಿಸಿತು.

ಅದಕ್ಕೆ ನಾನು ಉಂಡೆ. ವ್ಯಾನು ಬೆಳಿಗ್ಗೆ ಮಾತ್ರ; ಸಂಜೆ ನಾನೇ ಮಕ್ಕಳನ್ನು ಕರೆತರುವಾಗ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತು, ಪೂರ್ವಿಯ ಡಬ್ಬಿಯನ್ನು ದಿನಾ ನಾನೇ ಖಾಲಿ ಮಾಡಿದೆ. ತಣ್ಣಗಿನ ಚಪಾತಿ, ಹುಳಿಯಾದ ಮೊಸರನ್ನ, ಎಲ್ಲ. ಚನ್ನು ಕಾವಲು ನಿಲ್ಲುತ್ತಿದ್ದ. ಅವನಿಗೆ ಅದೊಂದು ಆಟ. "ಕಾಕು, ಲಗೂ ಲಗೂ, ಯಾರೋ ಬರಾಕತ್ತಾರ" ಅಂತ ಯಾರೂ ಬರದಿದ್ದಾಗಲೂ ಹೆದರಿಸುತ್ತಿದ್ದ. ಪೂರ್ವಿ ಗೋಡೆಯ ಕಡೆ ಮುಖ ಮಾಡಿ ಮೀಟರ್ ಪೆಟ್ಟಿಗೆಯ ನಂಬರು ಓದುತ್ತ ನಿಲ್ಲುತ್ತಿದ್ದಳು. ಒಂದು ದಿನವೂ ಅವಳು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ, ಗಬಗಬ ನುಂಗುವುದರಲ್ಲೇ ಇದ್ದೆ.

ಇದರಿಂದ ಇನ್ನೊಂದು ಫಜೀತಿ ಆಯಿತು. ಸಂಜೆ ಡಬ್ಬಿ ಉಂಡವಳಿಗೆ ರಾತ್ರಿ ಊಟ ಸೇರುವುದಿಲ್ಲ. ಮದುವೆಯ ಬ್ಲೌಸುಗಳೆಲ್ಲ ಬಿಗಿಯಾದವು. ಎದುರು ಮನೆಯ ಪ್ರೇಮಾ ಆಂಟಿ ಲಿಫ್ಟಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಇಷ್ಟು ಲಗೂ ಸಿಹಿ ಸುದ್ದಿ ಏನು?" ಅಂದರು. ಅತ್ತೆಯೂ ಹಾಗೇ ತಿಳಿದರು ಅಂತ ಕಾಣುತ್ತದೆ. ಒಂದು ವಾರ ನನಗೆ ಬಿಂದಿಗೆ ಎತ್ತಲು ಬಿಡಲಿಲ್ಲ, ಉಪ್ಪಿನಕಾಯಿ ಭರಣಿ ತಂದು ತಟ್ಟೆಯ ಪಕ್ಕ ಇಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಲ್ಲಿಸಿದರು. ಮಾತೂ ಕಡಿಮೆಯಾಯಿತು. ನಾನು ಗರ್ಭಿಣಿ ಅಲ್ಲ ಅಂತ ಗೊತ್ತಾಗಿ ಬೇಜಾರಾಗಿರಬೇಕು ಅಂದುಕೊಂಡೆ.

ಶನಿವಾರ ಟೀಚರ್ ಫೋನ್ ಮಾಡಿದ್ದು ಡೈರಿಯಲ್ಲಿದ್ದ ನಿಮ್ಮ ನಂಬರಿಗೆ. ಪೂರ್ವಿ ಮಧ್ಯಾಹ್ನ ಡಬ್ಬಿಯನ್ನೇ ತೆರೆಯುವುದಿಲ್ಲ, ಕೊನೆಯ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಅಂತ. ನೀವು ಭಾವನಿಗೆ ಹೇಳಿದ್ದು ಒಂದೇ ವಾಕ್ಯವಂತೆ, 18ನೇ ತಾರೀಖು ಸೋಮವಾರ ಬಿಇಒ ಆಫೀಸಿಗೆ ಹೋಗಿ ರಾಜೀನಾಮೆ ಕೊಡುತ್ತೇನೆ ಅಂತ. ಅದನ್ನು ನನಗೆ ತಿಳಿಸಿ ಭಾವ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕಾ, ಇದಕ್ಕೆ ನಾನು ಏನು ಸಬೂಬು ಹೇಳಲಿ? ಮಗು ಎರಡು ತಿಂಗಳು ಮಧ್ಯಾಹ್ನ ಹಸಿದಿದ್ದಳು, ನಾನು ಅದನ್ನು ಮುಚ್ಚಿಟ್ಟೆ. ನಿಮ್ಮ ನೌಕರಿ ಉಳಿಸುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಹೊಸ ಸೊಸೆಗೆ ಎರಡು ಡಬ್ಬಿ ಕಟ್ಟಲು ಬರುವುದಿಲ್ಲ ಅಂತ ಅನ್ನಿಸಿಕೊಳ್ಳುವ ಭಯವೂ ಅದರಲ್ಲಿತ್ತು. ಯಾವುದು ಎಷ್ಟು ಅಂತ ಈಗ ಬೇರೆ ಮಾಡಲು ಆಗುತ್ತಿಲ್ಲ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅತ್ತೆ, ಮಾವ ಮಲಗಿದ್ದರು. ಮುಂಜಾನೆಯಿಂದ ನಾನು ಏನೂ ತಿಂದಿರಲಿಲ್ಲ, ಸೇರಿರಲಿಲ್ಲ. ಚಪಾತಿ ಬೇಯಿಸುತ್ತ ನಿಂತವಳಿಗೆ ಕಣ್ಣು ಕತ್ತಲೆ ಬಂತು. ತವಾದಿಂದ ಇಳಿಸಿದ ಮೊದಲ ಚಪಾತಿಯ ಒಂದು ಮೂಲೆ ಹರಿದು ಬಾಯಿಗೆ ಹಾಕಿಕೊಂಡೆ. ಪೂರ್ವಿ ನೀರು ಕುಡಿಯಲು ಬಂದವಳು ಬಾಗಿಲಲ್ಲೇ ನಿಂತು ನನ್ನ ಬಾಯಿಯನ್ನೇ ನೋಡಿದಳು, ನಾನು ಅಗಿದು ನುಂಗುವವರೆಗೆ. ಆಮೇಲೆ ಬಂದು ಆ ಮುಕ್ಕಾಲು ಚಪಾತಿಯನ್ನು ತಟ್ಟೆಯಿಂದ ಎತ್ತಿಕೊಂಡು, ಪಲ್ಯವಿಲ್ಲ ಏನಿಲ್ಲ, ನಿಂತಲ್ಲೇ ತಿಂದಳು. ಇನ್ನೊಂದು ಕೊಡಲು ಹೋದೆ. "ಮೂಲಿ ತಿನ್ನು ಮೊದಲ" ಅಂದಳು.

ಆಗ ನಾನು ಗ್ಯಾಸ್ ಆರಿಸಿ ನೆಲದ ಮೇಲೆ ಕೂತು ಕೇಳಿದೆ. ಅವಳು ಹೇಳಿದ್ದು ನಿಮಗೆ ಗೊತ್ತಿದೆ, ಆದರೂ ಬರೆಯುತ್ತೇನೆ, ಯಾಕೆಂದರೆ ಫ್ರಿಜ್ಜಿನ ಆ ಕಾಗದದಲ್ಲಿ ನೀವು ಎಲ್ಲವನ್ನೂ ಬರೆದಿದ್ದಿರಿ, ಇದೊಂದನ್ನು ಬರೆದಿರಲಿಲ್ಲ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ನೀವು ಪ್ರೈವೇಟ್ ಸ್ಕೂಲಿಗೆ ಓಡುವ ಗಡಿಬಿಡಿಯಲ್ಲಿ ಬೆಳಿಗ್ಗೆ ಏನೂ ತಿನ್ನದೆ ಹೋಗುತ್ತಿದ್ದಿರಂತೆ. ಅವಳು ಹಟ ಹಿಡಿದು ಒಪ್ಪಂದ ಮಾಡಿಕೊಂಡಳಂತೆ. ಡಬ್ಬಿಗೆ ಹಾಕುವ ಮೊದಲ ಚಪಾತಿಯ ಮೂಲೆ ನೀವು ಅವಳ ಕಣ್ಣೆದುರು ತಿನ್ನಬೇಕು, ಅನ್ನವಾದರೆ ಒಂದು ಚಮಚ. ಉಳಿದದ್ದು ಅವಳು ಮಧ್ಯಾಹ್ನ ಉಣ್ಣಬೇಕು. ಡಬ್ಬಿ ತೆರೆದಾಗ ಮೂಲೆ ಮುರಿದಿದ್ದರೆ ಮಮ್ಮಿ ತಿಂದಿದ್ದಾಳೆ ಅಂತ ಲೆಕ್ಕ. ನನ್ನ ಡಬ್ಬಿಯಲ್ಲಿ ದಿನಾ ದುಂಡನೆಯ ಇಡೀ ಚಪಾತಿ. ನಾನು ಅದನ್ನು ಎಷ್ಟು ದುಂಡಗೆ ಮಾಡಿದೆನೋ ಅಷ್ಟು ಬೇಗ ಅವಳು ಮುಚ್ಚಳ ಹಾಕಿದಳು, ಆಮೇಲೆ ತೆರೆಯುವುದನ್ನೇ ಬಿಟ್ಟಳು. "ಅಲ್ಲಿ ಮಮ್ಮಿಗೆ ಯಾರು ತಿನ್ನಿಸ್ತಾರ ಕಾಕು?" ಅಂತ ಕೇಳಿದಳು. ಅದನ್ನೇ ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ನಿನ್ನೆ ಸೋಮವಾರ ನಾನು ಜಾಣತನ ಮಾಡಲು ಹೋದೆ. ಈ ಮನೆಯಲ್ಲಿ ಪೂಜೆಗೆ ಮೊದಲು ಅಡುಗೆಮನೆಯಲ್ಲಿ ಯಾರೂ ಬಾಯಾಡಿಸಬಾರದು ಅನ್ನುವ ಅತ್ತೆಯ ನೇಮ ನಿಮಗೆ ಗೊತ್ತೇ ಇದೆ. ಅವರ ಇಷ್ಟಲಿಂಗದ ಪೂಜೆ ಮುಗಿಯುವುದು ಏಳೂವರೆಗೆ, ಸ್ಕೂಲ್ ವ್ಯಾನು ಏಳೂಕಾಲಿಗೆ. ಇಷ್ಟು ವರ್ಷ ನೀವು ಅವರ ಕಣ್ಣು ತಪ್ಪಿಸಿ ಹೇಗೆ ತಿನ್ನುತ್ತಿದ್ದಿರೋ, ನನಗೆ ಧೈರ್ಯ ಬರಲಿಲ್ಲ. ಮೂಲೆ ಹರಿದು ಸಿಂಕಿನ ಹಿಂದೆ ಇಟ್ಟು, ಉಳಿದದ್ದನ್ನು ಡಬ್ಬಿಗೆ ಹಾಕಿದೆ. ಪೂರ್ವಿ ಬೂಟು ಹಾಕಿಕೊಳ್ಳುತ್ತ ನೋಡಿದ್ದಳು. ಡಬ್ಬಿ ತುಂಬಿಯೇ ಬಂತು. "ನೀ ತಿಂದಿಲ್ಲ" ಅಂದಳು, ಅಷ್ಟೇ.

ಇವತ್ತು ತಿಂದೆ. ಪೂರ್ವಿಯನ್ನು ಅಡುಗೆ ಕಟ್ಟೆಯ ಪಕ್ಕ ನಿಲ್ಲಿಸಿಕೊಂಡು, ಅವಳ ಕಣ್ಣೆದುರೇ ಮೂಲೆ ಹರಿದು ಬಾಯಿಗಿಟ್ಟೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಹಣೆಗೆ ವಿಭೂತಿ, ಕೈಯಲ್ಲಿ ಹೂವಿನ ಬುಟ್ಟಿ. ನನ್ನ ಬಾಯಿ ಅರ್ಧದಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ಮೂಲೆ ಮುರಿದ ಚಪಾತಿಯನ್ನು ನೋಡಿದರು. "ತಿನ್ನು, ನಿಂತಿ ಯಾಕ? ಎರಡು ತಿಂಗಳು ಮೆಟ್ಟಿಲ ಮ್ಯಾಲ ಕುಂತು ಡಬ್ಬಿ ಉಂಡಾಕಿಗೆ ಪೂಜಿ ಮುಂದಿನ ಒಂದು ತುಂಡಿನ ದೋಷ ಎಲ್ಲಿ ಹತ್ತತೈತಿ?" ಅಂದರು.

ಗೊತ್ತಿತ್ತು ಅಕ್ಕಾ, ಅವರಿಗೆ ಎಲ್ಲ ಗೊತ್ತಿತ್ತು. ನಾನು ಬಸುರಿ ಅಂದುಕೊಂಡು, ಮಕ್ಕಳ ಬ್ಯಾಗು ಹೊರಬಾರದು ಅಂತ ಒಂದು ಸಂಜೆ ಮೆಟ್ಟಿಲಿಳಿದು ಬಂದವರು ನನ್ನನ್ನು ನೋಡಿ ಹಾಗೇ ಮೇಲೆ ಹೋಗಿದ್ದರಂತೆ. ಅದಾಗಿ ಒಂದು ತಿಂಗಳು. ಅಂದರೆ ಆ ಒಂದು ತಿಂಗಳು ದಿನಾ ಸಂಜೆ ಎಂಟಕ್ಕೆ ಎದ್ದು ಹೋಗಿ, ಡಬ್ಬಿ ತೆರೆದ ಹಾಗೆ ಮಾಡಿ, ಖಾಲಿ ಐತಿ ಅಂತ ನಿಮಗೆ ಗಟ್ಟಿಯಾಗಿ ಹೇಳಿದ್ದು ಗೊತ್ತಿದ್ದೇ.

ನಾನು ಆ ತುಂಡನ್ನು ಹೇಗೋ ನುಂಗಿದೆ. ಪೂರ್ವಿಗೆ ಅಷ್ಟರಿಂದ ಸಮಾಧಾನ ಆಗಲಿಲ್ಲ. "ಇದು ಕಾಕುಂದು. ಮಮ್ಮಿದು?" ಅಂದಳು. ಅತ್ತೆ ಬುಟ್ಟಿ ಕೆಳಗಿಟ್ಟು, ಎರಡನೇ ಚಪಾತಿಯ ಮೂಲೆ ಹರಿದು ಸ್ಟೀಲ್ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಿದರು. "ಇದು ನಿಮ್ಮವ್ವಂದು. ನಾಳಿದು, ನಾಡಿದ್ದಿಂದು ಎಲ್ಲಾ ಇದರಾಗ ಹಾಕೂಣು, ಅನ್ನದ ದಿನಾನೂ ಒಂದು ಚಪಾತಿ ಮಾಡೂಣು. ಬೆಲ್ಲ ಕೂಡಿಸಿ ಮಾದಲಿ ಮಾಡಿ ಕೊಡ್ತೀನಿ, ಒಯ್ದು ಆಕಿ ಬಾಯಾಗ ಹಾಕಿ ಬಾ. ಈಗ ಸಾಲಿಗೆ ನಡಿ, ಡಬ್ಬಿ ಉಣ್ಣು." ಅಜ್ಜಿಯ ಮಾತು ಅಂದರೆ ಪೂರ್ವಿಗೆ ಸರ್ಕಾರದ ಮೊಹರು ಬಿದ್ದ ಹಾಗೆ. ಉಂಡು ಬಂದಳು. ನಾಲ್ಕು ದಿನದ ನಾಲ್ಕು ಮೂಲೆ ಪುಡಿ ಮಾಡಿದರೆ ಒಂದು ಹಿಡಿ ಮಾದಲಿಯೂ ಆಗಲಿಕ್ಕಿಲ್ಲ, ಆದರೂ ಏಲಕ್ಕಿ ಕುಟ್ಟಿ ಇಟ್ಟಾಗಿದೆ.

ನಮ್ಮ ಕಾಗದ ಹಿಮಾಯತ್‌ನಗರದ ಬಟ್ಟೆ ಅಂಗಡಿಯ ಅಮರೇಶಪ್ಪ ಕಾಕಾ ತರುತ್ತಾರೆ. ಅವರು ನಾಳೆ ವ್ಯಾಪಾರಕ್ಕೆ ಕಲಬುರಗಿಗೆ ಹೊರಟಿದ್ದಾರೆ, ನಿಮ್ಮ ಕೋಣೆಗೇ ಬಂದು ಕೊಡುತ್ತೇನೆ ಅಂದಿದ್ದಾರೆ. ಒಂದು ಡಬ್ಬಿ ಖಾಲಿ ಬಂದರೆ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನಾಳೆ ಮತ್ತೆ ತುಂಬಿ ಬಂದರೆ ತುಂಬಿದ ಡಬ್ಬಿಯ ಫೋಟೋವನ್ನೇ ಕಳಿಸುತ್ತೇನೆ, ಆಣೆ. ನೀವೂ ಒಂದು ಮಾಡಬೇಕು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಏನು ತಿಂದಿರೋ ಅದರ ಫೋಟೋ ಏಳು ಗಂಟೆಯೊಳಗೆ ಕಳಿಸಿ. ಅರ್ಧ ತಿಂದ ತಟ್ಟೆಯೇ ಬೇಕು, ಇಡೀ ತಟ್ಟೆಯನ್ನು ಪೂರ್ವಿ ನಂಬುವುದಿಲ್ಲ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಚನ್ನು ಮುತ್ತು ಕಳಿಸಿದ್ದಾನೆ, ಹಾಳೆಯ ತುದಿಯಲ್ಲಿ ಹಿಂಡಿಯ ಕಲೆ ಕಂಡರೆ ಅದೇ ಅದು. ನಿಮ್ಮ ಮೈದುನ ನನ್ನ ಪಕ್ಕ ಕೂತು ನಾಳೆಯ ಪುದಿನಾ ಬಿಡಿಸುತ್ತಿದ್ದಾರೆ, ಅರ್ಧ ಕಡ್ಡಿ ಎಲೆಯ ಜೊತೆ, ಅರ್ಧ ಎಲೆ ಕಸದ ಜೊತೆ. ಕಣ್ಣು ಮುಚ್ಚುತ್ತಿವೆ ಅಕ್ಕಾ. ನಿಮ್ಮ ಪಾದಕ್ಕೆ ನಮಸ್ಕಾರ, ಬೈಯುವುದಿದ್ದರೆ ಎದುರಿಗೇ ಬೈಯಿರಿ.

ನಿಮ್ಮ ತಂಗಿಯಂಥ,
ಶೈಲಶ್ರೀ

ಮರೆತೆ: ಅಮರೇಶಪ್ಪ ಕಾಕಾ ಕೆಳಗೆ ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅತ್ತೆ ಇದನ್ನು ನಿಮಗೆ ತಿಳಿಸಬೇಡ ಅಂದಿದ್ದಾರೆ. ಗೊತ್ತಿದ್ದೂ ಫೋನಿನಲ್ಲಿ ಯಾಕೆ ಖಾಲಿ ಅಂದಿರಿ ಅಂತ ನಾನು ಕೇಳಿದೆ. "ಸರ್ಕಾರಿ ನೌಕರಿ ಯಾರರ ಚಪಾತಿ ಸಲುವಾಗಿ ಬಿಡ್ತಾರೇನು?" ಅಂದರು. ಹಾಗಾದರೆ ಬಿಡಬೇಡ ಅಂತ ಅಕ್ಕನಿಗೆ ನೀವೇ ಹೇಳಬಾರದೇ ಅಂದೆ. ಬುಟ್ಟಿಯ ಹೂವಿನ ದೇಟು ಬಿಡಿಸತೊಡಗಿದರು. ಆಮೇಲೆ, "ಮನಿಗೆ ಬರಬ್ಯಾಡ, ಅಲ್ಲೇ ಇರು ಅಂತ ಅತ್ತಿ ಅಂದ್ರ, ಸೊಸಿ ಏನಂತ ತಿಳಕೋತಾಳ?" ಅಂದರು. ಅಕ್ಕಾ, ಸೋಮವಾರದ ಆ ರಾಜೀನಾಮೆ ಕಾಗದ ಕೊಡಬೇಡಿ. ಸ್ಕೂಲಿನಲ್ಲಿ ಸ್ವಾತಂತ್ರ್ಯ ದಿನದ ಬಾವುಟ ಹಾರಿಸುವುದು ಮುಗಿದ ಮೇಲೆ ನಾನು, ಪೂರ್ವಿ, ಚನ್ನು ಮೂವರೂ ಹೊರಡುತ್ತೇವೆ. ಆ ಸ್ಟೀಲ್ ಡಬ್ಬಿ ಪೂರ್ವಿಯ ತೊಡೆಯ ಮೇಲಿರುತ್ತದೆ, ಅದರಲ್ಲಿರುವುದನ್ನು ನೀವು ಪ್ಲಾಟ್‌ಫಾರ್ಮಿನಲ್ಲೇ, ಅವಳ ಕಣ್ಣೆದುರೇ ತಿನ್ನಬೇಕಂತೆ. ಕಲಬುರಗಿ ಸ್ಟೇಷನ್ನಿಗೆ ಬನ್ನಿ: ಶುಕ್ರವಾರ ಸಂಜೆ, ಹುಸೇನ್‌ಸಾಗರ್ ಎಕ್ಸ್‌ಪ್ರೆಸ್.